ಟೈಲರಮ್ಮನ ಮನೆಯ ಕ್ಲೀನರ್

ಲಾರಿ ಮಾರಿದ ಮೇಲೆ ಡ್ರೈವರ್ ಮನೆಯಲ್ಲೇ ಉಳಿದ. ಜೊತೆಗೆ ಕ್ಲೀನರ್ ಕೂಡ ಬಂದು ಉಳಿಯಿತು. ಕ್ಲೀನರ್ ಎಂದರೆ ಮನುಷ್ಯನಲ್ಲ, ಕಂದು ಬಣ್ಣದ ನಾಯಿ. ಮರಿಯಾಗಿದ್ದಾಗಿನಿಂದ ಲಾರಿಯಲ್ಲಿ ಕ್ಲೀನರ್ ಕೂರುವ ಸೀಟು ಹಿಡಿದು, ಆ ಕೆಲಸ ಮಾತ್ರ ಚೂರೂ ಮಾಡದೆ ಊರೂರು ಸುತ್ತಿದ್ದರಿಂದ ಆ ಹೆಸರು. ಅಪರೂಪಕ್ಕೊಮ್ಮೆ ಬಂದು ಬಟ್ಟೆ ಒಗೆಸಿಕೊಂಡು ಹೋಗುತ್ತಿದ್ದ ಗಂಡ ಇನ್ನು ದಿನವೂ ಕಣ್ಣೆದುರಿಗೇ ಇರುತ್ತಾನೆಂದು ಟೈಲರಮ್ಮನಿಗೆ ಒಳಗೊಳಗೇ ಖುಷಿ. ಗಿರಾಕಿಗಳ ಮುಂದೆ ಮಾತ್ರ, "ನನ್ನ ತಲೆ ತಿನ್ನೋಕೆ ಈಗ ಇಬ್ಬರಾದ್ರು" ಎಂದು ಗೊಣಗಿದಳು.

ತಲೆ ತಿನ್ನುವುದಿರಲಿ, ಕ್ಲೀನರ್ ಏನನ್ನೂ ತಿನ್ನಲಿಲ್ಲ. ಹಾಲಿಟ್ಟರೆ ಮುಖ ತಿರುಗಿಸಿತು. ನಿದ್ದೆಯೂ ಇಲ್ಲ. ಬಾಗಿಲಿನಿಂದ ಗೇಟಿಗೆ, ಗೇಟಿನಿಂದ ಬಾಗಿಲಿಗೆ ಅಲೆದದ್ದೇ ಅಲೆದದ್ದು.

"ಇವನಿಗೆ ಲಾರಿ ಬೇಕು ಕಣೇ" ಎಂದ ಡ್ರೈವರ್. "ಲಾರಿ ಕೊಂಡವನಿಗೂ ಡ್ರೈವರ್ ಬೇಕಂತೆ, ಭಾನುವಾರ ಬರ್ತೀನಿ ಅಂದಿದ್ದಾನೆ. ಈ ಮೂಕಪ್ರಾಣಿಗೋಸ್ಕರ ನಾಲ್ಕು ದಿನ ಹೋಗಿ ಬರ್ಲಾ?"

ಡ್ರೈವರುಗಳ 'ನಾಲ್ಕು ದಿನ' ಎಂದರೆ ಎಷ್ಟು ತಿಂಗಳೆಂದು ಟೈಲರಮ್ಮನಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೆ ಹೊರಟವನನ್ನು ಹೋಗಬೇಡ ಎಂದು ತಡೆದು ಅವಳಿಗೆ ಅಭ್ಯಾಸವೇ ಇರಲಿಲ್ಲ. ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಕ್ಲೀನರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಪಶುವೈದ್ಯೆಯ ಹತ್ತಿರ ಹೋದಳು.

ಡಾಕ್ಟರಮ್ಮ ಬಾಯಿ, ಹೊಟ್ಟೆ, ಕಿವಿ ಎಲ್ಲ ನೋಡಿದರು. "ರೋಗ ಏನೂ ಇಲ್ಲಮ್ಮ. ನಾಯಿಗೆ ಗಡಿಯಾರ ನೋಡೋಕೆ ಬರಲ್ಲ, ಆದ್ರೆ ಯಾವುದಾದ ಮೇಲೆ ಯಾವುದು ಅಂತ ಚೆನ್ನಾಗಿ ಗೊತ್ತಾಗುತ್ತೆ. ಲಾರೀಲಿ ಇದರ ದಿನಕ್ಕೆ ಒಂದು ಕ್ರಮ ಇತ್ತು. ಈಗ ಮುಂದೇನು ಅಂತ ಗೊತ್ತಾಗದೆ ಗಾಬರಿಯಾಗಿದೆ. ಏಳೋದು, ತಿರುಗೋದು, ತಿನ್ನೋದು, ಮಲಗೋದು ಎಲ್ಲ ದಿನಾ ಅದೇ ಹೊತ್ತಿಗೆ ಆಗಲಿ. ಧೈರ್ಯ ಬಂದ್ರೆ ತಾನಾಗಿ ತಿನ್ನುತ್ತೆ."

ಮನೆಗೆ ಬಂದವಳೇ ಗಂಡನನ್ನು ವಿಚಾರಣೆಗೆ ಕೂರಿಸಿದಳು. "ಲಾರೀಲಿ ಬೆಳಿಗ್ಗೆ ಎದ್ದು ಏನ್ ಮಾಡ್ತಿದ್ರಿ?"

"ಏನ್ ಮಾಡೋದು? ರಾಡಲ್ಲಿ ಟೈರು ಬಡಿದು ಗಾಳಿ ನೋಡ್ತಿದ್ದೆ. ಇವನು ಅದೇ ಟೈರಿಗೆ ಕಾಲೆತ್ತುತ್ತಿದ್ದ. ಹತ್ತಿ ಕೂತ್ರೆ ಟೀ ಅಂಗಡಿವರೆಗೂ ನಿದ್ದೆ. ಅಲ್ಲಿ ಬ್ರೆಡ್ಡು, ಮೊಟ್ಟೆ."

"ಅಷ್ಟು ಸದ್ದಲ್ಲಿ ನಿದ್ದೆ ಬರ್ತಿತ್ತಾ?"

"ಸದ್ದು ನಿಂತ್ರೇನೇ ಅವನಿಗೆ ಎಚ್ಚರ ಆಗೋದು."

ಟೈಲರಮ್ಮ ತನ್ನ ಹೊಲಿಗೆ ಮಿಷನ್ನಿನ ಕಡೆ ನೋಡಿದಳು. ಹಳೇ ಮೋಟಾರು ಅದು. ಶಾಲಾ ಸಮವಸ್ತ್ರದ ದಪ್ಪ ಬಟ್ಟೆ ಹೊಲಿಯುವಾಗ ನೆಲವೇ ಗುಡುಗುಡು ಎನ್ನುತ್ತಿತ್ತು.

ಮರುದಿನ ಬೆಳಿಗ್ಗೆ ಡ್ರೈವರ್ ರಾಡು ಹಿಡಿದು ಸ್ಕೂಟರಿನ ಪುಟಾಣಿ ಟೈರುಗಳನ್ನು ಬಡಿದ. "ಈ ವಯಸ್ಸಲ್ಲಿ ಇದೊಂದು ಬಾಕಿ ಇತ್ತು" ಎಂದು ಬೈದುಕೊಂಡ. ಕ್ಲೀನರ್ ಕಿವಿ ನಿಮಿರಿಸಿ ಬಂದು ಸ್ಕೂಟರಿಗೆ ಕಾಲೆತ್ತಿತು. ಬೇರೆ ದಿನವಾಗಿದ್ದರೆ ಪೊರಕೆ ಹಿಡಿಯುತ್ತಿದ್ದ ಟೈಲರಮ್ಮ ಚಪ್ಪಾಳೆ ತಟ್ಟಿದಳು. ಮಿಷನ್ನಿನ ಪಕ್ಕದಲ್ಲಿ ಗೋಣಿಚೀಲ ಹಾಸಿ ಪೆಡಲು ಒತ್ತಿದಳು. ಕ್ಲೀನರ್ ಅನುಮಾನದಿಂದ ನೋಡುತ್ತಾ ನಿಂತಿತು. ಟೀ ಹೊತ್ತಿಗೆ ಮಿಷನ್ ನಿಲ್ಲಿಸಿ ಬ್ರೆಡ್ಡು, ಮೊಟ್ಟೆ ಇಟ್ಟರೆ ಮೂಸಿ ಬಿಟ್ಟಿತು. ಮಾರನೇ ದಿನವೂ ಅಷ್ಟೇ.

ನಿಜವಾದ ಕಷ್ಟ ಟೈಲರಮ್ಮನದು. ಅಳತೆ ಕೊಡಲು ಬಂದವರನ್ನು ಕೂರಿಸಿಕೊಂಡು ಲೋಕಾಭಿರಾಮ ಮಾತಾಡುವುದು, ಮನಸ್ಸು ಬಂದಾಗ ಹೊಲಿಯುವುದು ಅವಳ ಪದ್ಧತಿ. ಈಗ ನಡುವೆ ಮಿಷನ್ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ನಾಯಿಯ ಪಾಲಿಗೆ ಟೀ ಅಂಗಡಿ ಬಂದಂತೆ! ಹಾಗಾಗಿ ಹರಟೆಗೆ ಬಂದವರಿಗೆಲ್ಲ, "ಟೀ ಹೊತ್ತಿಗೆ ಬಾರೇ, ಈಗ ಲಾರಿ ಹೋಗ್ತಾ ಇದೆ" ಎಂದು ಕಿರುಚಿ ಸಾಗಹಾಕಿದಳು. ಹೇಳಿದ ದಿನಕ್ಕಿಂತ ಮೊದಲೇ ಬಟ್ಟೆ ಸಿದ್ಧವಾಗಿದ್ದು ಕಂಡು, ಇವಳಿಗೇನೋ ಕಾಯಿಲೆ ಇರಬೇಕೆಂದು ಗಿರಾಕಿಗಳು ಮಾತಾಡಿಕೊಂಡರು.

ಶುಕ್ರವಾರ ಮಿಷನ್ ಸದ್ದಿನ ನಡುವೆ ಇನ್ನೊಂದು ಸದ್ದು ಕೇಳಿಸಿತು. ಬಗ್ಗಿ ನೋಡಿದರೆ ಕ್ಲೀನರಿನ ಗೊರಕೆ. ಟೀ ಹೊತ್ತಿಗೆ ಮಿಷನ್ ನಿಂತದ್ದೇ ಅದು ಎದ್ದು, ಮೈಮುರಿದು, ಗೇಟಿನವರೆಗೆ ಹೋಗಿ ಬಂದು ತಟ್ಟೆಯನ್ನು ನೆಕ್ಕಿ ಬರಿದು ಮಾಡಿತು. ಟೈಲರಮ್ಮ ಯಾರದೋ ಮಗುವಿನ ಅಂಗಿತೋಳಿನಲ್ಲಿ ಕಣ್ಣೊರೆಸಿಕೊಂಡಳು.

ಭಾನುವಾರವೂ ಮಿಷನ್ನಿಗೆ ರಜೆ ಇರಲಿಲ್ಲ. ಲಾರಿ ಕೊಂಡವನು ಅದೇ ಲಾರಿಯನ್ನು ಗೇಟಿನ ಮುಂದೆ ತಂದು ನಿಲ್ಲಿಸಿ ಹಾರನ್ ಹೊಡೆದ. ಕ್ಲೀನರ್ ಒಂದು ಕಿವಿ ಅಲ್ಲಾಡಿಸಿ ನಿದ್ದೆ ಮುಂದುವರಿಸಿತು. ಗೆದ್ದೆ ಎಂದುಕೊಂಡಳು ಟೈಲರಮ್ಮ.

ಅಷ್ಟರಲ್ಲಿ ಡ್ರೈವರ್ ಅಂಗಿ ತೊಟ್ಟುಕೊಂಡು ಬಂದ. "ನೋಡೇ, ನಿನ್ನ ಕೈಲಿ ಎಷ್ಟು ಚೆನ್ನಾಗಿ ಒಗ್ಗಿಬಿಟ್ಟ! ಇನ್ನು ಇವನ ಯೋಚನೆ ಇಲ್ಲ. ಮನೇಲಿ ನನ್ನಿಂದ ಆಗಬೇಕಾದ್ದೂ ಏನಿಲ್ಲ. ನಾನು ಆರಾಮಾಗಿ ಹೋಗಿ ಬರ್ತೀನಿ."

ಟೈಲರಮ್ಮ ಕೂತ ಕೊಂಬೆಯನ್ನು ತಾನೇ ಕಡಿದುಕೊಂಡಿದ್ದಳು. ಪೆಡಲಿನಿಂದ ಕಾಲು ಜಾರಿತು. ಹೊತ್ತಲ್ಲದ ಹೊತ್ತಿನಲ್ಲಿ ಮಿಷನ್ ನಿಂತಿದ್ದಕ್ಕೆ ಕ್ಲೀನರ್ ತಲೆಯೆತ್ತಿ ನೋಡಿತು.

"ಹೋಗ್ಬೇಡಿ" ಎಂದಳು.

"ಯಾಕೆ? ಇವನು ತಿಂತಿದ್ದಾನಲ್ಲ?"

"ಇವನು ತಿಂತಾನೆ. ನೀವು ಹೋದ್ರೆ ನನಗೆ ಊಟ ಸೇರಲ್ಲ ರೀ. ಯಾವತ್ತೂ ಸೇರ್ತಿರಲಿಲ್ಲ."

ಡ್ರೈವರ್ ಕಕ್ಕಾಬಿಕ್ಕಿಯಾದ. "ಇಷ್ಟು ವರ್ಷದಲ್ಲಿ ಒಂದು ಸಲನೂ ಹೇಳಲಿಲ್ವಲ್ಲೇ!"

"ನೀವು ಯಾವತ್ತು ಎಂಜಿನ್ ಆರಿಸಿ ಕೇಳಿದ್ರಿ?"

ಹೊರಗೆ ಮತ್ತೆ ಹಾರನ್ ಕೂಗಿತು. ಡ್ರೈವರ್ ಗೇಟಿಗೆ ಹೋದ. ಟೈಲರಮ್ಮ ಕೂತಲ್ಲಿಂದಲೇ ಕಿವಿಗೊಟ್ಟಳು.

"ಬೇರೆ ಯಾರನ್ನಾದ್ರೂ ನೋಡ್ಕೊಳಪ್ಪಾ" ಎನ್ನುತ್ತಿದ್ದ ಅವನು, ಬೀದಿಗೆಲ್ಲ ಕೇಳುವಂತೆ. "ನನ್ನನ್ನ ಮನೇಲಿ ಕಳಿಸ್ತಿಲ್ಲ!"

ಅವನ ದನಿಯಲ್ಲಿ ಅಷ್ಟು ಜಂಬವನ್ನು ಅವಳು ಯಾವತ್ತೂ ಕೇಳಿರಲಿಲ್ಲ.