ಪಟ್ಟಿಯಲ್ಲಿಲ್ಲದ ನೀರು

ನಮ್ಮ ಯಜಮಾನರು ಪುಟ್ಟಯ್ಯನವರಿಗೆ ಹತ್ತು ನಿಮಿಷ ಎಂದರೆ ಮೂರು ಗಂಟೆ. ಇದು ಜನ್ನಾಪುರದ ನಮ್ಮ ಬೀದಿಗೆಲ್ಲ ಗೊತ್ತು. ಕಾರ್ಖಾನೆಯ ಶಿಫ್ಟ್ ಮುಗಿಸಿ ಭದ್ರಾ ಹೊಳೆಗೆ ಗಾಳ ಹಾಕಲು ಹೋದರೆ, ಯಾರು ಹೋಗಿ ಕರೆದರೂ "ಇನ್ನೊಂದ್ ಹತ್ತು ನಿಮಿಷ, ಬಂದೆ" ಎನ್ನುತ್ತಿದ್ದರು. ನನಗೆ ಹೆರಿಗೆ ನೋವು ಬಂದ ದಿನವೂ ಹಾಗೇ ಅಂದರು. ಪಕ್ಕದ ಮನೆಯ ಧನಲಕ್ಷ್ಮಿ ಹೊಳೆಯವರೆಗೂ ಓಡಿಹೋಗಿ ಹೇಳಿ ಬಂದಿದ್ದಳು. ಇವರು ಆಸ್ಪತ್ರೆ ಮುಟ್ಟುವ ಹೊತ್ತಿಗೆ ನಮ್ಮ ರಂಜಿನಿ ಹುಟ್ಟಿ, ಒಂದು ನಿದ್ದೆ ಮುಗಿಸಿ ಎದ್ದಿದ್ದಳು. ಇವರ ಕೈಯಲ್ಲಿ ಎರಡು ಕೆ.ಜಿ. ಮೀನು ಬೇರೆ. ಮೂವತ್ತೆರಡು ವರ್ಷವಾಯಿತು. ನಾನು ಮರೆತಿಲ್ಲ, ಮರೆಯುವ ಯೋಚನೆಯೂ ಇಲ್ಲ.

ಇಂಥವರು ನಿವೃತ್ತರಾದ ಮೇಲೆ ಸಮುದ್ರದಲ್ಲಿ ಮೀನು ಹಿಡಿಯುತ್ತೇನೆಂದು ಹಟ ಹಿಡಿದರು. ಕಾರ್ಖಾನೆಯಲ್ಲಿ ಇವರ ಜೊತೆಗಿದ್ದ ಗೋವಿಂದಯ್ಯನವರು ಈಗ ಕಡಲತೀರದ ತಮ್ಮ ಊರಾದ ಗಂಗೊಳ್ಳಿಯಲ್ಲಿ ನೆಲೆಸಿದ್ದಾರೆ. ಅವರ ಮೂಲಕ ಹದಿನೇಳು ಅಡಿಯ ಹಳೆಯ ಫೈಬರ್ ದೋಣಿ, ಅದರ ಹಿಂಬದಿಗೆ ಕಟ್ಟುವ ಸಣ್ಣ ಎಂಜಿನ್ ಸಿಕ್ಕವು. ಎಂಜಿನ್ ನಡೆಸುವುದನ್ನು ಇವರು ಮೊದಲು ಗಾಜನೂರಿನ ಹಿನ್ನೀರಿನಲ್ಲಿ ಕಲಿತರು. ಆಮೇಲೆ ಗೋವಿಂದಯ್ಯನವರೇ ಜೊತೆಗೆ ಕೂತು ಎರಡು ಸಲ ಸಮುದ್ರದಲ್ಲಿ ಒಂದೊಂದು ಗಂಟೆ ಸುತ್ತಿಸಿ ತಂದರು. ಇನ್ನು ನೀನೇ ಹೋಗಬಹುದು ಎಂದು ಅವರು ಹೇಳಿದ್ದೇ ತಡ, ಇವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ನನಗೆ ಮಾತ್ರ ಚಿಂತೆ ಶುರುವಾಯಿತು. ಹೊಳೆಯಾದರೆ ಯಾರನ್ನಾದರೂ ಕಳಿಸಿ ಕರೆಸಬಹುದು. ಸಮುದ್ರದ ನಡುವೆ ಕೂತು ಹತ್ತು ನಿಮಿಷ ಎಂದರೆ ನಾನು ಯಾರನ್ನು ಕಳಿಸಲಿ?

"ಮೊದಲ್ನೇ ಸಲ ನಾನೂ ಬರ್ತೀನಿ" ಎಂದೆ. "ನಾನು ವಾಪಸ್ ಹೋಗಣ ಅಂದ ತಕ್ಷಣ ತಿರುಗ್ಸಿದ್ರೆ ದೋಣಿ ನಿಮ್ಮದು. ಹತ್ತು ನಿಮಿಷ ಅಂತ ಬಾಯಿ ಬಿಟ್ರೋ, ಅವತ್ತೇ ಮಾರ್ಬೇಕು."

"ಅಷ್ಟೇ ತಾನೆ ಮಾರಾಯ್ತಿ" ಎಂದು ನಕ್ಕರು. ನಾನು ನಗಲಿಲ್ಲ.

ಇವರು ಕೆಲಸದ ಮನುಷ್ಯ, ಸುಳ್ಳು ಹೇಳಬಾರದು. ಶಿಫ್ಟ್ ಬಿಡುವಾಗ ಮುಂದಿನವನಿಗೆ ಬರೆದಿಡುತ್ತಿದ್ದ ರೀತಿಯಲ್ಲೇ ಒಂದು ಪಟ್ಟಿ ಮಾಡಿ ಅಡುಗೆಮನೆಯ ಗೋಡೆಗೆ ಅಂಟಿಸಿದರು. ಲೈಫ್ ಜಾಕೆಟ್ ಎರಡು, ಸೀಟಿ, ದಿಕ್ಸೂಚಿ, ಪ್ಲಾಸ್ಟಿಕ್ ಕವರಿನಲ್ಲಿ ಫೋನು, ಲಂಗರಿನ ಉದ್ದ ಹಗ್ಗ, ಹೆಚ್ಚಿನ ಪೆಟ್ರೋಲು, ಸ್ಪಾರ್ಕ್ ಪ್ಲಗ್, ಹುಟ್ಟು, ಚಾಕು. ಹೀಗೆ ಒಟ್ಟು ಇಪ್ಪತ್ತೆರಡು ಸಾಮಾನು. ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತ ಅದನ್ನು ಓದುತ್ತಿದ್ದರು.

ನಾನೂ ಓದಿದೆ. ಕುಡಿಯುವ ನೀರು ಪಟ್ಟಿಯಲ್ಲಿರಲಿಲ್ಲ. ನಲವತ್ತು ವರ್ಷ ಹೊಳೆಯಲ್ಲಿ ಮೀನು ಹಿಡಿದವರು. ಬಾಯಾರಿದರೆ ಬಗ್ಗಿ ಬೊಗಸೆಯಲ್ಲಿ ಕುಡಿದೇ ಅಭ್ಯಾಸ. ನಾನು ಏನೂ ಹೇಳಲಿಲ್ಲ. ಎರಡು ಲೀಟರಿನ ಬಾಟಲಿ ತುಂಬಿಸಿ ನನ್ನ ಬಟ್ಟೆ ಚೀಲದ ತಳದಲ್ಲಿಟ್ಟು, ಮೇಲೆ ಟವೆಲ್ ಮುಚ್ಚಿದೆ. ಸಮುದ್ರದ ನಡುವೆ ವಾಪಸ್ ಹೋಗಣ ಎನ್ನಲು ನನಗೊಂದು ನೆಪ ಬೇಕಿತ್ತು. ಇದು ಒಳ್ಳೆಯ ಹೆಂಗಸಿನ ಕೆಲಸವಲ್ಲ ಎಂದು ಗೊತ್ತಿತ್ತು. ಆದರೂ ಮಾಡಿದೆ.

ಜನವರಿಯ ಒಂದು ಭಾನುವಾರ, ಬೆಳಕು ಹರಿಯುತ್ತಿದ್ದಂತೆ ಗಂಗೊಳ್ಳಿಯಿಂದ ಹೊರಟೆವು. ಹೊಳೆ ಸಮುದ್ರ ಸೇರುವಲ್ಲಿ ದೋಣಿ ಮೂರು ಸಲ ಎದ್ದು ಬಿತ್ತು. ನಾನು ಎರಡೂ ಕೈಯಲ್ಲಿ ಅಂಚು ಹಿಡಿದು ನಮ್ಮ ಮನೆದೇವರನ್ನು ಕರೆದೆ. ಹೊರಗೆ ಹೋದ ಮೇಲೆ ನೀರು ಶಾಂತವಾಯಿತು. ದಡದ ತೆಂಗಿನ ಮರಗಳು ಒಂದು ಹಸಿರು ಗೆರೆಯಷ್ಟಾದಾಗ ಇವರು ಎಂಜಿನ್ ಆರಿಸಿ, ಗಾಳಕ್ಕೆ ಭೂತಾಯಿ ಎಂಬ ಸಣ್ಣ ಮೀನು ಚುಚ್ಚಿ ನೀರಿಗೆ ಬಿಟ್ಟರು. ಮದುವೆಯ ಹೊಸದರಲ್ಲಿ ನನ್ನನ್ನು ಸಿನಿಮಾಕ್ಕೆ ಕರೆದುಕೊಂಡು ಹೋದಾಗ ಇದ್ದ ಮುಖವೇ ಅದು. ನೋಡಿ ನನಗೆ ನಿಜವಾಗಿಯೂ ಪ್ರೀತಿ ಉಕ್ಕಿತು.

ಎಂಜಿನ್ ನಿಂತ ಮೇಲೆ ದೋಣಿ ತೊಟ್ಟಿಲಿನಂತೆ ತೂಗತೊಡಗಿತು. ಹತ್ತು ಗಂಟೆಯ ಹೊತ್ತಿಗೆ ನನಗೆ ತಲೆ ತಿರುಗಿ, ಬೆಳಿಗ್ಗೆ ತಿಂದ ಅವಲಕ್ಕಿಯೆಲ್ಲ ಸಮುದ್ರದ ಪಾಲಾಯಿತು. ಇದು ನಾಟಕವಲ್ಲ. ಬಾಯಿ ಒಣಗಿತ್ತು.

"ನೀರು ಕೊಡ್ರೀ" ಎಂದೆ.

ಇವರು ಸೀಟಿನ ಕೆಳಗೆ ಕೈ ಹಾಕಿ ಹುಡುಕಿದರು. ಮುಂದೆ ಹುಡುಕಿದರು, ಹಿಂದೆ ಹುಡುಕಿದರು. ಆಮೇಲೆ, ಅಭ್ಯಾಸಬಲ ನೋಡಿ, ಬಗ್ಗಿ ಬೊಗಸೆ ತುಂಬ ಸಮುದ್ರದ ನೀರು ಎತ್ತಿ ತಾವೇ ಒಂದು ಗುಟುಕು ಕುಡಿದು ಥೂ ಎಂದು ಉಗಿದರು. ಮುಖ ಸಣ್ಣದಾಯಿತು.

"ಮರ್ತೋಯ್ತಲ್ಲೇ ದುರ್ಗಿ. ಇಪ್ಪತ್ತೆರಡು ಸಾಮಾನು ತಂದೆ, ನೀರೇ ತರ್ಲಿಲ್ಲ."

ಅಷ್ಟರಲ್ಲಿ ಗಾಳದ ದಾರ ಸರ್ರನೆ ಓಡಿತು. ಇವರು ಹಾರಿ ಹಿಡಿದುಕೊಂಡರು. ದೂರದಲ್ಲಿ ನೀರಿನಿಂದ ಒಂದು ಬೆಳ್ಳಗಿನ ಮೈ ಮೇಲೆದ್ದು ಬಿತ್ತು. ನನ್ನ ಸೊಂಟದೆತ್ತರದ ಅಂಜಲ್ ಮೀನು. ಶಿವಮೊಗ್ಗದ ಮೀನು ಮಾರ್ಕೆಟ್ಟಿನಲ್ಲೂ ಅಷ್ಟು ದೊಡ್ಡದನ್ನು ನಾನು ನೋಡಿರಲಿಲ್ಲ. ಇವರ ಕಣ್ಣಲ್ಲಿ ನೀರು ತುಂಬಿತ್ತು.

ಆ ಹೊತ್ತಿಗೆ ಕೇಳಬಾರದಿತ್ತು. ಆದರೆ ಮೂವತ್ತೆರಡು ವರ್ಷದಿಂದ ಗಂಟಲಲ್ಲಿದ್ದದ್ದು ತಾನಾಗಿ ಹೊರಗೆ ಬಂತು.

"ವಾಪಸ್ ಹೋಗಣ ರೀ."

ಇವರು ಮೀನು ಇದ್ದ ಕಡೆ ನೋಡಿದರು. ನನ್ನ ಕಡೆ ನೋಡಿದರು. ಬಾಯಿ ತೆರೆದರು. ಬಂತು ಹತ್ತು ನಿಮಿಷ ಎಂದುಕೊಂಡು ನಾನು ಕಣ್ಣು ಮುಚ್ಚಿ ದೋಣಿಯ ಅಂಚಿಗೆ ತಲೆಯೊರಗಿಸಿದೆ. ಯಾವ ಮಾತೂ ಬರಲಿಲ್ಲ. ಕಣ್ಣು ಬಿಟ್ಟಾಗ ಇವರು ನನ್ನ ಚೀಲವನ್ನು ಪಕ್ಕಕ್ಕೆ ಎತ್ತಿಟ್ಟು, ಅದರಡಿಯಿದ್ದ ಚಾಕು ತೆಗೆದು ದಾರ ಕತ್ತರಿಸುತ್ತಿದ್ದರು. ತುಂಡಾದ ದಾರ ನೀರಿನೊಳಗೆ ಹೋಯಿತು. ಇವರು ಎಂಜಿನ್ನಿನ ಹಗ್ಗ ಎಳೆದು ದೋಣಿಯನ್ನು ದಡದ ಕಡೆ ತಿರುಗಿಸಿದರು.

ದಡದಲ್ಲಿ ಕಾಯುತ್ತಿದ್ದ ಗೋವಿಂದಯ್ಯನವರು ಕಥೆ ಕೇಳಿ ತಲೆ ಚಚ್ಚಿಕೊಂಡರು. "ನೀರು ತಗೊಂಡು ಹೋಗು ಅಂತ ಯಾರಿಗಾದ್ರೂ ಹೇಳ್ಬೇಕಾಗತ್ತಾ ಮಾರಾಯ? ನಂಗೆ ಹೊಳೀಲೇ ಇಲ್ಲ" ಎನ್ನುತ್ತ ಎಳನೀರು ತರಲು ಹೋದರು.

ಮರಳಿನ ಮೇಲೆ ನಾವಿಬ್ಬರೇ ಉಳಿದೆವು. ಇವರು ಕೈಯಲ್ಲುಳಿದ ದಾರದ ತುಂಡನ್ನು ಬೆರಳಿಗೆ ಸುತ್ತುತ್ತ ಕೂತಿದ್ದರು. ನನಗೆ ತಡೆಯಲಾಗಲಿಲ್ಲ. ಚೀಲದಿಂದ ಬಾಟಲಿ ತೆಗೆದು ಮುಂದಿಟ್ಟೆ.

"ತಪ್ಪು ನಂದು. ನೀರು ಇತ್ತು ರೀ."

"ಗೊತ್ತಿತ್ತು" ಎಂದರು. "ಚಾಕು ತಗೊಳ್ಳಕ್ಕೆ ಚೀಲ ಎತ್ತಿದ್ನಲ್ಲ. ಒಳಗೆ ಗುಳುಗುಳು ಅಂತು."

"ಮತ್ತೆ ಅಂಥ ಮೀನು ಯಾಕ್ರೀ ಬಿಟ್ರಿ?"

ಇವರು ಬಾಟಲಿಯ ಮುಚ್ಚಳ ತಿರುಗಿಸಿ ನನ್ನ ಕೈಗೆ ಕೊಟ್ಟರು. "ಕರೆದಿದ್ದು ನೀನಲ್ವಾ. ಅವತ್ತೂ ಕರೆದಿದ್ದೆ. ಬರ್ಲಿಲ್ಲ ನಾನು."

ಮೂವತ್ತೆರಡು ವರ್ಷದಲ್ಲಿ ಆ ದಿನದ ಮಾತನ್ನು ಇವರು ತಾವಾಗಿ ಎತ್ತಿದ್ದು ಅದೇ ಮೊದಲು. ನಾನು ಕುಡಿದೆ, ಇವರಿಗೂ ಕುಡಿಸಿದೆ. ಗೋವಿಂದಯ್ಯನವರು ಎಳನೀರು ತಂದಾಗ ನಾನು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದೆ. ಉಪ್ಪುಗಾಳಿ ಎಂದು ಹೇಳಿದೆ.

ಮರುದಿನ ಬೆಳಿಗ್ಗೆ ಕಾಫಿ ತರುವಷ್ಟರಲ್ಲಿ ಇವರು ಗೋಡೆಯ ಪಟ್ಟಿಗೆ ಇಪ್ಪತ್ತಮೂರನೆಯದು ಸೇರಿಸಿ ಆಗಿತ್ತು: ಕುಡಿಯುವ ನೀರು. ನಾನು ಲೋಟ ಕೊಟ್ಟು ಪೆನ್ನು ಇಸಿದುಕೊಂಡೆ. ಅದರ ಕೆಳಗೆ ಇಪ್ಪತ್ತನಾಲ್ಕು ಎಂದು ಹಾಕಿ, ನನ್ನ ಹೆಸರು ಬರೆದೆ.