ಕಟೌಟಿನ ಮುಂದೆ ಕುಂಬಳ ಒಡೆದ ಮಚ್ಚು

ನಾನು ಒಂದು ಮಚ್ಚು. ಹೆಸರು ಕೇಳಿದೊಡನೆ ಹಿಂದೆ ಸರಿಯಬೇಡಿ. ಎಳನೀರು ಕೆತ್ತುವ ಬಡಪಾಯಿ ಮಚ್ಚು. ಮದ್ದೂರಿನ ಕುಲುಮೆಯೊಂದರಲ್ಲಿ ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿ ಕಾಯಿಸಿ, ಬಡಿದು ನನ್ನನ್ನು ಮಾಡಿದರು. ಹುಟ್ಟುವಾಗ ತಿಂದ ಪೆಟ್ಟು ಸಾಲದೆಂದು ಸಿನಿಮಾದವರು ನಮ್ಮ ಕುಲದ ಹೆಸರನ್ನೂ ಕೆಡಿಸಿದರು.

ಬೋರಲಿಂಗ ನನ್ನನ್ನು ಮಂಡ್ಯಕ್ಕೆ ತಂದ. ಅವನೂ ಹೆಂಡತಿ ದೇವೀರಮ್ಮನೂ ಚಿತ್ರಮಂದಿರದ ಗೇಟಿನ ಎದುರು ಗಾಡಿಯಲ್ಲಿ ಎಳನೀರು ಮಾರುತ್ತಿದ್ದರು. ಬೋರಲಿಂಗ ಹಸುವಿನಂಥ ಮನುಷ್ಯ. ಎಡಗೈಯಲ್ಲಿ ಕಾಯಿ, ಬಲಗೈಯಲ್ಲಿ ನಾನು. ಗಿರಾಕಿಯ ಅಂಗಿಗೆ ಹನಿ ಸಿಡಿದರೂ ತಾನೇ ಟವೆಲ್ಲಿನಿಂದ ಒರೆಸುತ್ತಿದ್ದ.

ಆಟ ಬಿಟ್ಟಾಗ ಜನರ ಮುಖ ನೋಡುವುದು ನನ್ನ ಚಾಳಿ. ಸಂಸಾರದ ಚಿತ್ರ ನೋಡಿದವರು ಮೂಗು ಒರೆಸುತ್ತಾ ಗಂಜಿ ಇರುವ ಕಾಯಿ ಕೇಳುತ್ತಿದ್ದರು. ಹೊಡೆದಾಟದ ಚಿತ್ರ ನೋಡಿದವರು ಭುಜ ಅಗಲಿಸಿ ಬರುತ್ತಿದ್ದರು, ಸರಿಯಿರಿ ಎಂದರೂ ಗುರಾಯಿಸುತ್ತಿದ್ದರು. ಬಹುಪಾಲು ಮಂದಿಯ ಕಾವು ಎಳನೀರು ಕುಡಿಯುವಷ್ಟರಲ್ಲಿ ಇಳಿಯುತ್ತಿತ್ತು. ಎಲ್ಲರದೂ ಇಳಿಯುತ್ತಿರಲಿಲ್ಲ.

ಒಮ್ಮೆ ಮಚ್ಚಿನ ಚಿತ್ರವೇ ಬಂತು. ಬಿಡುಗಡೆಯ ದಿನ ನಾಯಕನ ಕಟೌಟಿನ ಮುಂದೆ ಬೂದುಗುಂಬಳ ಒಡೆಯಲು ಅಭಿಮಾನಿಗಳು ನನ್ನನ್ನು ಕೊಡೆಂದು ಕೇಳಿದರು. ದೇವೀರಮ್ಮ ಬೇಡವೆಂದಳು. ಬೋರಲಿಂಗನಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಕುಂಬಳದೊಳಗೆ ತುಂಬಿದ್ದ ಕುಂಕುಮದ ನೀರು ನನ್ನ ಮೈಮೇಲೆ ಹರಿಯಿತು, ಜನ ಕುಣಿದರು. ನನಗೆ ಭಯವಾಯಿತು. ಮಚ್ಚು ಕೊಟ್ಟ ಉಪಕಾರಕ್ಕೆ ಬೋರಲಿಂಗನನ್ನು ಮೊದಲ ಆಟಕ್ಕೆ ಕರೆದೊಯ್ದರು.

ಹೊರಬಂದಾಗ ಅವನ ನಡಿಗೆಯೇ ಬೇರೆಯಾಗಿತ್ತು. ಅದೇ ಹೊತ್ತಿಗೆ ಬೈಕು ತೆಗೆಯುತ್ತಿದ್ದವನೊಬ್ಬ ನಮ್ಮ ಗಾಡಿಗೆ ಗುದ್ದಿದ. ಎಳನೀರು ರಸ್ತೆಗೆ ಉರುಳಿತು.

"ಕಣ್ ಕಾಣಕಿಲ್ವೇನ್ಲಾ?" ಎಂದ ಬೋರಲಿಂಗ.

"ರೋಡಲ್ಲಿ ಗಾಡಿ ನಿಲ್ಸ್ಕಂಡು ನನ್ನೇ ಕೇಳ್ತೀಯಾ?" ಎಂದ ಬೈಕಿನವನು.

ಮಾತಿಗೆ ಮಾತು ಬೆಳೆಯಿತು. ಬೋರಲಿಂಗ ಗಾಡಿಯ ಮೇಲಿದ್ದ ನನ್ನನ್ನು ಎತ್ತಿದ. ಅವನ ತಲೆಗಿಂತ ಮೇಲೆ ನಾನು ಹೋದದ್ದು ಅದೇ ಮೊದಲು. ಕೆಳಗೆ ಬೈಕಿನವನ ಕುತ್ತಿಗೆ ಕಾಣುತ್ತಿತ್ತು. ಬೇಡ, ಬೇಡ ಎಂದು ಚೀರಿದೆ. ಕಬ್ಬಿಣದ ಗೋಳು ಯಾರಿಗೆ ಕೇಳೀತು? ಆಟ ಬಿಟ್ಟು ಬಂದಿದ್ದ ಜನ ತಡೆಯಲಿಲ್ಲ, ಶಿಳ್ಳೆ ಹೊಡೆದರು.

ದೇವೀರಮ್ಮ ಕೂಗಲಿಲ್ಲ. ಒಂದು ಕಾಯಿ ತೆಗೆದು ಗಂಡನ ಎಡಗೈಗೆ ತುರುಕಿದಳು.

"ಗಿರಾಕಿ ಕಾಯ್ತಾವ್ರೆ. ಕೆತ್ತಿ."

ಕಾಯಿ ಸಿಕ್ಕಿದೊಡನೆ ಕೈಗಳಿಗೆ ತಮ್ಮ ಕೆಲಸ ನೆನಪಾಯಿತು. ನಾನು ಕಾಯಿಯ ಮೇಲೆ ಇಳಿದೆ. ಬೈಕಿನವನು ಬದುಕಿದೆಯಾ ಬಡಜೀವವೇ ಎಂದು ಓಡಿದ. ನೀರೆಲ್ಲ ಸೋರಿಹೋದರೂ ಬೋರಲಿಂಗ ಕೆತ್ತುತ್ತಲೇ ಇದ್ದ.

ಈಗ ನನ್ನ ಬಾಯಿ ಮೊಂಡಾಗಿದೆ. ಒಲೆಯ ಪಕ್ಕ ಪುಳ್ಳೆ ಸೀಳಿಕೊಂಡು ಬಿದ್ದಿದ್ದೇನೆ. ಮುದುಕನಾದ ಬೋರಲಿಂಗ ಊಟದ ನಡುವೆ ಒಮ್ಮೊಮ್ಮೆ ತುತ್ತು ನಿಲ್ಲಿಸಿ ಕೇಳುತ್ತಾನೆ, "ಅವತ್ತು ನಾನು ಹೊಡೆದ್ಬುಡ್ತಿದ್ನಾ ದೇವೀರಿ?"

"ಸುಮ್ನೆ ಉಣ್ಣಿ. ನಿಮ್ ಕೈಲಿ ಇರುವೆನೂ ಸಾಯಕಿಲ್ಲ."

ಅವನು ನೆಮ್ಮದಿಯಿಂದ ಉಣ್ಣುತ್ತಾನೆ. ಅವತ್ತು ಅವನ ಮುಷ್ಟಿಯೊಳಗೆ ಇದ್ದದ್ದು ನಾನು. ಅವನ ಕೈ ನಡುಗಿರಲಿಲ್ಲ.