ಹೊಟ್ಟಿನ ಉರಿಯ ಸುಣ್ಣ

ಶಹಾಪುರದ ಭೀಮರಾಯನ ಮನೆತನ ಮೂರು ತಲೆಮಾರಿನಿಂದ ಸುಣ್ಣ ಸುಡುತ್ತ ಬಂದದ್ದು. ಭಟ್ಟಿಗೆ ಕಲ್ಲು ತುಂಬಿ, ಕಾಯಿ ಒಡೆದು, ಜಾಲಿ ಕಟ್ಟಿಗೆಯ ಉರಿಯಲ್ಲಿ ಐದು ದಿನ ಬೇಯಿಸುವುದು ವಾಡಿಕೆ. ಬೆಂದ ಕಲ್ಲು ಅರ್ಧದಷ್ಟು ತೂಕ ಕಳೆದುಕೊಂಡು ಅಂಗೈಯಲ್ಲಿ ಬೆಂಡಿನಂತೆ ಹಗುರಾಗಬೇಕು. ಅದೇ ಅವರ ಪರೀಕ್ಷೆ.

ಕಾಲುವೆಗೆ ನೀರು ಬಂತು. ಜೋಳದ ಹೊಲಗಳು ಬತ್ತದ ಗದ್ದೆಗಳಾದವು, ಅಕ್ಕಿ ಗಿರಣಿಗಳು ಎದ್ದವು, ಗಿರಣಿಗಳ ಹಿಂದೆ ಹೊಟ್ಟಿನ ಗುಡ್ಡೆಗಳು ಬಿದ್ದವು. ಭೀಮರಾಯ ಕಟ್ಟಿಗೆ ಬಿಟ್ಟು ಹೊಟ್ಟು ಸುರಿದ. ಕರೆಂಟಿನ ಪಂಖಾ ಹಚ್ಚಿ ಗಾಳಿ ಊದಿಸಿದ. ಐದು ದಿನದ ಕೆಲಸ ಎರಡೇ ದಿನಕ್ಕೆ ಮುಗಿಯಿತು. ಭಟ್ಟಿ ಬಿಚ್ಚಿದಾಗ ಕಲ್ಲು ಹಳದಿಗಟ್ಟಿತ್ತು, ಕೈಗೆ ಗಡುಸಾಗಿತ್ತು, ಒಂದಕ್ಕೊಂದು ತಾಗಿದರೆ ಟಣ್ಣೆನ್ನುತ್ತಿತ್ತು. ಇದು ಸರಿಯಲ್ಲವೆಂದು ಅವನಿಗೆ ತಿಳಿಯಿತು. ಬೇಗ ಮುಗಿದ ಹುರುಪಿನಲ್ಲಿ ಸುಮ್ಮನಾದ.

ಆ ಸುಣ್ಣ ಶಿರವಾಳದ ಒಂದು ಗುಡಿಯ ಗೋಡೆಗೆ ಹೋಯಿತು. ಗಾರೆ ಮಾಡುವವನು ರಂಗಂಪೇಟೆಯ ಖಾಜಾಹುಸೇನ, ಭೀಮರಾಯನ ಇಪ್ಪತ್ತು ವರ್ಷದ ಗೆಳೆಯ. ಸುಣ್ಣಕ್ಕೆ ನೀರು ಬಿಟ್ಟ ಮರುದಿನವೇ ಅವನು ಭಟ್ಟಿಗೆ ಬಂದ.

“ಭೀಮಣ್ಣಾ, ಇದು ಸುಣ್ಣನೋ, ನಿನ್ನಂಗ ಮೊಂಡೋ? ನೀರು ಹಾಕಿದ್ರೂ ಕುದಿಯವಲ್ದು. ಅರ್ಧ ಹರಳು ಕರಗದ ಹಂಗೇ ಕುಂತಾವ.”

“ಏಳು ದಿನ ನೆನಿಹಾಕು, ಎಲ್ಲಾ ಕರಗ್ತಾವ.”

“ತಿಂಗಳಗಟ್ಲೆ ನೆನಿಬಿಡಬೇಕು ಅನಸ್ತದ.”

“ನಮ್ಮಪ್ಪನ ಕಾಲದಿಂದ ಏಳೇ ದಿನ. ನನಗೇ ಸುಣ್ಣ ಕಲಸಾಕ ಕಲಿಸ್ತೀ ಏನು? ಬಾ, ಚಾ ಕುಡಿ.”

ಖಾಜಾಹುಸೇನ ನಕ್ಕು ಚಹ ಕುಡಿದ. ಗೆಳೆಯನ ಮಾತು ನಂಬಿ ಏಳೇ ದಿನ ನೆನೆಹಾಕಿದ.

ಮೂರು ತಿಂಗಳಿಗೆ ಸಿಡುಬು ಎದ್ದಂತೆ ಗಾರೆ ಉಬ್ಬಿ ಉದುರಿತು. ಊರ ಹಿರಿಯ ಮೌನಪ್ಪ ಇಬ್ಬರನ್ನೂ ಗುಡಿಯ ಕಟ್ಟೆಗೆ ಕರೆಸಿ, ತಪ್ಪು ಯಾರದೆಂದು ಕೇಳಿದ.

“ಸುಣ್ಣ ಚಲೋ ಇತ್ರಿ. ನೆನಿಹಾಕೋದ್ರಾಗ ಇವ ಅವಸರ ಮಾಡ್ಯಾನ್ರಿ,” ಎಂದುಬಿಟ್ಟ ಭೀಮರಾಯ.

ಖಾಜಾಹುಸೇನ ಒಮ್ಮೆ ಅವನ ಮುಖ ನೋಡಿದ. ಗಾರೆ ಬಳಿಯುವ ಕರಣಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದು ಹೋದ. ಆಮೇಲೆ ಗುಡಿಯ ಕೆಲಸಕ್ಕಾಗಲಿ ದರ್ಗಾದ ಕೆಲಸಕ್ಕಾಗಲಿ ಅವನನ್ನು ಯಾರೂ ಕರೆಯಲಿಲ್ಲ.

ಅದೇ ಸುಣ್ಣವನ್ನು ಭೀಮರಾಯ ತಾನೇ ಏಳು ದಿನ ನೆನೆಹಾಕಿ ಮನೆಯ ದೇವರ ಜಗಲಿಯ ಗೋಡೆಗೂ ಹಚ್ಚಿದ್ದ. ಒಂದು ಬೆಳಿಗ್ಗೆ ಲಿಂಗಪೂಜೆಗೆ ಕುಳಿತಾಗ ಬಿಲ್ವದ ಮೇಲೆ ಚಕ್ಕೆಗಳು ಉದುರಿದವು. ಮಿತಿಮೀರಿ ಉರಿಯುಂಡ ಹರಳು ಏಳು ದಿನಕ್ಕೆ ನೀರು ಕುಡಿದಿರಲಿಲ್ಲ; ಗೋಡೆಗೆ ಹತ್ತಿದ ಮೇಲೆ ನಿಧಾನಕ್ಕೆ ಕುಡಿದು ಉಬ್ಬಿತ್ತು. ಹೆಂಡತಿ ಚಂದಮ್ಮ ಪೊರಕೆ ಹಿಡಿದು ಬಂದವಳು, “ಇದನ್ನ ಯಾವ ಖಾಜಣ್ಣ ನೆನಿಹಾಕಿದ್ದ?” ಎಂದಳು. ಅವನು ಬಿಲ್ವದ ಮೇಲಿನ ಚಕ್ಕೆಗಳನ್ನು ಆರಿಸಿ ತೆಗೆದ. ನಾಳೆ ಹೋಗಿ ತಪ್ಪು ತನ್ನದೆಂದು ಹೇಳೋಣವೆಂದುಕೊಂಡ. ನಾಳೆ ನಾಳೆ ಎನ್ನುತ್ತ ಎರಡು ವರ್ಷ ಕಳೆದವು. ಖಾಜಾಹುಸೇನ ಕಾಮಾಲೆಯಾಗಿ ತೀರಿಕೊಂಡ.

ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆಗೆ ಭೀಮರಾಯ ರಂಗಂಪೇಟೆಗೆ ಹೋದ. ಗೆಳೆಯನ ಹೆಂಡತಿ ಆಮೀನಾಳ ಮುಂದೆ ಎಲ್ಲವನ್ನೂ ಹೇಳಿ ಅತ್ತ. ಆಕೆ ಸೆರಗು ಸರಿಮಾಡಿಕೊಂಡಳು.

“ಐದು ಮಂದ್ಯಾಗ ಅಂದ ಮಾತು, ಒಬ್ಬಾಕಿ ಮುಂದ ಹಿಂದಕ್ಕ ತಗೋತೀರೇನ್ರಿ ಅಣ್ಣಾ? ನನಗ ಮೊದಲೇ ಗೊತ್ತಿತ್ತು. ‘ಭೀಮಣ್ಣ ಒಂದಿನ ಬಂದು ಹೇಳ್ತಾನ’ ಅಂತ ಹಾಸಿಗಿ ಹಿಡಿದಾಗೂ ಇವರು ಅಂತಿದ್ರು.”

ಮುಂದಿನ ಸೋಮವಾರ ಭೀಮರಾಯ ಶಿರವಾಳದ ಬಸ್ಸು ಹತ್ತಿದ. ಮಂಗಳಾರತಿಗೆ ಜನ ಕೂಡಿದ್ದರು. ಕಟ್ಟೆಯ ಮುಂದೆ ನಿಂತು, “ತಪ್ಪು ನಂದರಿ. ಸುಣ್ಣ ಭಟ್ಟ್ಯಾಗ ಕೆಟ್ಟದ್ದು. ಖಾಜಾಹುಸೇನಂದು ಏನೂ ತಪ್ಪಿಲ್ಲ,” ಎಂದ.

ಯಾರೋ, “ಹೋದವ ಹೋದ, ಬಿಡೋ,” ಎಂದರು. ಮೌನಪ್ಪ ಬಿಡಲಿಲ್ಲ.

“ಅವ ಇದ್ದಾಗ ಯಾಕ ಹೇಳಲಿಲ್ಲ?”

“ಹೆದರಿದ್ದೆರಿ.”

“ಕಟ್ಟಿಮ್ಯಾಲ ಆವತ್ತು ಅವ ನಿನ್ನ ಹೆಸರು ಹೇಳಬಹುದಿತ್ತಲ್ಲೋ. ಹೇಳಿದ್ನೇನು?”

“ಇಲ್ಲರಿ,” ಎಂದ ಭೀಮರಾಯ. ಒಳಗೆ ಗಂಟೆ ಮೊಳಗಿತು. ಜನ ಆರತಿಗೆ ನಡೆದರು. ಅವನು ಹೊರಗಿನ ಬಿಸಿಲಿನಲ್ಲೇ ನಿಂತುಕೊಂಡ.